ವಾಹನ ಅಪಘಾತದಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ: ಪರಿಹಾರದ ಮೊತ್ತವನ್ನು ನಿರ್ಧರಿಸುವ ಬಗೆ

ಕಾರು ಅಥವಾ ಇತರ ಮೋಟಾರು ವಾಹನದ ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಗೆ ಒಳಗಾದವರು, ಅಪಘಾತಕ್ಕೆ ಕಾರಣವಾದ ವಾಹನದ ಚಾಲಕ, ಮಾಲೀಕ ಹಾಗೂ ವಿಮಾ ಕಂಪನಿಯಿಂದ ಪರಿಹಾರ ಕೋರಿ ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 166ರ ಅಡಿಯಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿಯನ್ನು ತೀರ್ಮಾನಿಸುವ ಅಧಿಕಾರವು ಎಂ.ಎ.ಸಿ.ಟಿ. ಎಂದೇ ಪರಿಚಿತವಾಗಿರುವ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಇರುತ್ತದೆ. ಬೆನ್ನಿನ ಶಸ್ತ್ರಚಿಕಿತ್ಸೆಗೆ ಎಷ್ಟು ಹಣ ಬರುತ್ತದೆ ಎಂಬುದು ಅರ್ಜಿದಾರರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ. ಶಸ್ತ್ರಚಿಕಿತ್ಸೆಗೆ ಇಂತಿಷ್ಟು ಎಂಬ ದರಪಟ್ಟಿ ಈ ಕಲಮಿನಲ್ಲಿ ಇರುವುದಿಲ್ಲ. ಒಂದೇ ಆಸ್ಪತ್ರೆಯಲ್ಲಿ, ಒಂದೇ ದಿನ, ಒಂದೇ ಬಗೆಯ ಸ್ಕ್ರೂ ಹಾಗೂ ರಾಡ್ ಅಳವಡಿಸಿಕೊಂಡ ಇಬ್ಬರು ಗಾಯಾಳುಗಳಿಗೆ ದೊರೆಯುವ ಮೊತ್ತದಲ್ಲಿ ಹಲವು ಲಕ್ಷ ರೂಪಾಯಿಗಳ ವ್ಯತ್ಯಾಸವಿರಬಹುದು. ಈ ವ್ಯತ್ಯಾಸ ಹೇಗೆ ಉಂಟಾಗುತ್ತದೆ ಎಂಬುದನ್ನು ತಿಳಿದುಕೊಂಡಲ್ಲಿ ಯಾವ ದಾಖಲೆ ಏಕೆ ಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಪರಿಹಾರದ ಬಾಬತ್ತುಗಳು

ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನೀಡಿದ ತೀರ್ಪನ್ನು ಗಾಯದ ಪ್ರಕರಣಗಳಲ್ಲಿ ಇಂದಿಗೂ ಅನುಸರಿಸಲಾಗುತ್ತಿದೆ. ಅದರಂತೆ ಪರಿಹಾರವನ್ನು ಎರಡು ಭಾಗಗಳಾಗಿ ಲೆಕ್ಕ ಹಾಕಲಾಗುತ್ತದೆ. ಚಿಕಿತ್ಸೆ, ಔಷಧಿ, ಪ್ರಯಾಣ ಹಾಗೂ ಪೌಷ್ಟಿಕ ಆಹಾರದ ವೆಚ್ಚ, ಚಿಕಿತ್ಸಾ ಅವಧಿಯಲ್ಲಿ ಕಳೆದುಕೊಂಡ ಸಂಪಾದನೆ, ಶಾಶ್ವತ ಅಂಗವೈಕಲ್ಯದಿಂದ ಮುಂದೆ ಆಗುವ ಸಂಪಾದನೆಯ ನಷ್ಟ ಮತ್ತು ಮುಂದಿನ ವೈದ್ಯಕೀಯ ವೆಚ್ಚ ಇವು ಹಣದ ರೂಪದಲ್ಲಿ ಅಳೆಯಬಹುದಾದ ನಷ್ಟಗಳು. ನೋವು ಮತ್ತು ಸಂಕಟ, ಜೀವನದ ಸುಖ ಸೌಕರ್ಯಗಳ ನಷ್ಟ, ಆಯುಷ್ಯದ ನಿರೀಕ್ಷೆಯ ಕಡಿತ ಇವು ಎರಡನೆಯ ಭಾಗಕ್ಕೆ ಸೇರುತ್ತವೆ. ಸಾಧಾರಣ ಗಾಯಗಳಲ್ಲಿ ಚಿಕಿತ್ಸಾ ವೆಚ್ಚ, ಚಿಕಿತ್ಸಾ ಅವಧಿಯ ಸಂಪಾದನೆ ಹಾಗೂ ನೋವಿನ ಬಾಬತ್ತುಗಳನ್ನು ಮಾತ್ರ ನೀಡಲಾಗುತ್ತದೆ. ಉಳಿದವುಗಳಿಗೆ ಗಾಯದ ತೀವ್ರತೆಯನ್ನು ನಿರ್ದಿಷ್ಟ ವೈದ್ಯಕೀಯ ಸಾಕ್ಷ್ಯದಿಂದ ರುಜುವಾತುಪಡಿಸಬೇಕಾಗುತ್ತದೆ. ಬೆನ್ನಿನ ಶಸ್ತ್ರಚಿಕಿತ್ಸೆಯ ಪ್ರಕರಣಗಳಲ್ಲಿ ಪರಿಹಾರದ ದೊಡ್ಡ ಪಾಲು ಈ ಉಳಿದ ಬಾಬತ್ತುಗಳಲ್ಲಿಯೇ ಇರುತ್ತದೆ.

ಚಿಕಿತ್ಸಾ ವೆಚ್ಚದ ಬಗ್ಗೆ ಹೆಚ್ಚು ಹೇಳಬೇಕಾದ ಅಗತ್ಯವಿಲ್ಲ. ಬಿಲ್ಲು ಇದ್ದಷ್ಟು ಹಣ. ಮೂಲ ಬಿಲ್ಲುಗಳನ್ನು ಬೇರೆ ಯಾವುದೇ ಕಚೇರಿಗೆ ಅಥವಾ ವಿಮಾ ಸಂಸ್ಥೆಗೆ ಒಪ್ಪಿಸಿದ್ದಲ್ಲಿ ದೃಢೀಕೃತ ಪ್ರತಿಗಳನ್ನು ಇಟ್ಟುಕೊಳ್ಳತಕ್ಕದ್ದು. ವೇತನ ಪಡೆಯುವವರು ಗಳಿಕೆ ರಜೆಯನ್ನು ಬಳಸಿಕೊಂಡಿದ್ದಲ್ಲಿ ಸಂಬಳ ಬಂದಿದೆ ಎಂದು ಸುಮ್ಮನಿರದೆ ಆ ರಜೆಯ ವಿವರಗಳನ್ನು ಮಾಲೀಕರಿಂದ ಪಡೆದು ಹಾಜರುಪಡಿಸುವುದು ಸೂಕ್ತ.

ವೈದ್ಯರು ಹೇಳುವ ಶೇಕಡಾವಾರು ಮತ್ತು ನ್ಯಾಯಮಂಡಳಿ ಒಪ್ಪುವ ಶೇಕಡಾವಾರು

ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇ. 30 ಎಂದು ನಮೂದಾಗಿದ್ದಲ್ಲಿ ಸಂಪಾದನೆಯ ನಷ್ಟವೂ ಶೇ. 30 ಎಂದು ಬಹಳಷ್ಟು ಅರ್ಜಿದಾರರು ಭಾವಿಸುತ್ತಾರೆ. ಇದು ಸರಿಯಲ್ಲ. ವೈದ್ಯರು ಅಳೆಯುವುದು ದೇಹದ ನ್ಯೂನತೆಯನ್ನು. ಆ ನ್ಯೂನತೆಯಿಂದ ಗಾಯಾಳುವಿನ ದುಡಿಮೆಯ ಸಾಮರ್ಥ್ಯ ಎಷ್ಟು ಕುಗ್ಗಿದೆ ಎಂಬುದನ್ನು ನಿರ್ಧರಿಸುವುದು ನ್ಯಾಯಮಂಡಳಿಯ ಕೆಲಸ. ರಾಜ್‌ಕುಮಾರ್ ತೀರ್ಪಿನ ಪ್ರಕಾರ ಮೂರು ಅಂಶಗಳನ್ನು ಪರಿಶೀಲಿಸಲಾಗುತ್ತದೆ: ಅಂಗವೈಕಲ್ಯದ ನಂತರ ಗಾಯಾಳು ಯಾವ ಕೆಲಸಗಳನ್ನು ಮಾಡಬಲ್ಲರು ಮತ್ತು ಯಾವುದನ್ನು ಮಾಡಲಾರರು, ಅಪಘಾತಕ್ಕೆ ಮೊದಲು ಅವರ ಉದ್ಯೋಗ, ಅದರ ಸ್ವರೂಪ ಹಾಗೂ ವಯಸ್ಸು ಏನಿತ್ತು, ಹಳೆಯ ಉದ್ಯೋಗವನ್ನೇ ಮುಂದುವರಿಸಬಲ್ಲರೇ ಅಥವಾ ಬೇರೆ ಕೆಲಸದಿಂದ ಜೀವನೋಪಾಯ ಸಾಧ್ಯವೇ.

ಸಂಪಾದನೆಯ ನಷ್ಟದ ಲೆಕ್ಕಕ್ಕೆ ಸರಳಾ ವರ್ಮಾ ಪ್ರಕರಣದ (2009) ಗುಣಕಗಳನ್ನು ಬಳಸಲಾಗುತ್ತದೆ. 15ರಿಂದ 25 ವರ್ಷದವರಿಗೆ ಗುಣಕ 18. ನಂತರ ಪ್ರತಿ ಐದು ವರ್ಷಕ್ಕೆ ಒಂದರಂತೆ ಇಳಿದು 36ರಿಂದ 40 ವರ್ಷಕ್ಕೆ 15, 46ರಿಂದ 50 ವರ್ಷಕ್ಕೆ 13 ಆಗುತ್ತದೆ. 51ರಿಂದ 55 ವರ್ಷಕ್ಕೆ 11, 56ರಿಂದ 60 ವರ್ಷಕ್ಕೆ 9, 61ರಿಂದ 65 ವರ್ಷಕ್ಕೆ 7, ಅದಕ್ಕೂ ಮೇಲ್ಪಟ್ಟವರಿಗೆ 5. ಭವಿಷ್ಯದಲ್ಲಿ ಆದಾಯ ಹೆಚ್ಚುವ ಸಂಭವಕ್ಕಾಗಿ ಪ್ರಣಯ್ ಸೇಥಿ ಪ್ರಕರಣದ (2017) ಪ್ರಕಾರ ಸ್ವಂತ ದುಡಿಮೆಯವರಿಗೂ ನಿಗದಿತ ವೇತನದವರಿಗೂ 40 ವರ್ಷದೊಳಗೆ ಶೇ. 40, 40ರಿಂದ 50ರವರೆಗೆ ಶೇ. 25, 50ರಿಂದ 60ರವರೆಗೆ ಶೇ. 10 ಸೇರಿಸಲಾಗುತ್ತದೆ, ಖಾಯಂ ನೌಕರರಿಗೆ ಇದು ಕ್ರಮವಾಗಿ ಶೇ. 50, 30 ಮತ್ತು 15. ಈ ಹೆಚ್ಚಳವು ಮರಣದ ಪ್ರಕರಣಗಳಿಗೆ ಮಾತ್ರ ಎಂಬ ವಾದವಿತ್ತು. ಶಾಶ್ವತ ಅಂಗವೈಕಲ್ಯದ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ (2020) ಸ್ಪಷ್ಟಪಡಿಸಿದೆ. ಮರಣದ ಪ್ರಕರಣದಲ್ಲಿರುವಂತೆ ಸ್ವಂತ ಖರ್ಚಿಗೆಂದು ಒಂದು ಭಾಗವನ್ನು ಗಾಯದ ಪ್ರಕರಣಗಳಲ್ಲಿ ಕಳೆಯುವಂತಿಲ್ಲ.

ಉದಾಹರಣೆಗೆ, 38 ವರ್ಷ ವಯಸ್ಸಿನ, ತಿಂಗಳಿಗೆ 18,000 ರೂಪಾಯಿ ಸಂಪಾದಿಸುವ ಇಬ್ಬರನ್ನು ಪರಿಗಣಿಸಬಹುದು. ಒಬ್ಬರು ಕೃಷಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ. ಇನ್ನೊಬ್ಬರು ಖಾಸಗಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಇಬ್ಬರಿಗೂ ಸೊಂಟದ ಭಾಗದ ಕಶೇರುಮಣಿ ಮುರಿದು ಸ್ಕ್ರೂ ಅಳವಡಿಸಲಾಗಿದೆ. ಇಬ್ಬರ ಪ್ರಮಾಣಪತ್ರದಲ್ಲಿಯೂ ಇಡೀ ದೇಹಕ್ಕೆ ಶೇ. 30 ಎಂದು ನಮೂದಾಗಿದೆ. ಆದಾಯಕ್ಕೆ ಶೇ. 40 ಸೇರಿಸಿದಾಗ ತಿಂಗಳಿಗೆ 25,200 ರೂ., ವರ್ಷಕ್ಕೆ 3,02,400 ರೂ., ಗುಣಕ 15ರಿಂದ ಗುಣಿಸಿದಾಗ 45,36,000 ರೂ. ಆಗುತ್ತದೆ. ಹಮಾಲಿಯು ಇನ್ನು ಭಾರ ಎತ್ತಲಾರರು, ಬೇರೆ ವಿದ್ಯೆ ಅಥವಾ ಕಸುಬು ಅವರಿಗಿಲ್ಲ ಎಂಬುದು ಸಾಬೀತಾಗಿ ದುಡಿಮೆಯ ನಷ್ಟವನ್ನು ಶೇ. 50 ಎಂದು ಒಪ್ಪಿದಲ್ಲಿ ಈ ಬಾಬತ್ತಿನಲ್ಲಿ 22,68,000 ರೂ. ದೊರೆಯುತ್ತದೆ. ಲೆಕ್ಕ ಬರೆಯುವವರು ಹೆಚ್ಚು ಹೊತ್ತು ಕುಳಿತುಕೊಳ್ಳಲಾರರು ಎಂಬ ಕಾರಣಕ್ಕೆ ಶೇ. 15 ಎಂದು ಒಪ್ಪಿದಲ್ಲಿ ದೊರೆಯುವುದು 6,80,400 ರೂ. ಇಲ್ಲಿನ ಶೇ. 50 ಮತ್ತು ಶೇ. 15 ವಿವರಣೆಗಾಗಿ ಬಳಸಿದ ಅಂಕಿಗಳು ಮಾತ್ರ.

ಅದೇ ಗಾಯವಾದವರು ಸರ್ಕಾರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕರಾಗಿದ್ದಲ್ಲಿ ಸ್ಥಿತಿ ಮತ್ತೆ ಬೇರೆ. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ತೆಗೆದುಹಾಕುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ ಎಂದು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಕಲಂ 20 ಹೇಳುತ್ತದೆ. ವೇತನ ಕಡಿಮೆಯಾಗದಿದ್ದಲ್ಲಿ ಸಂಪಾದನೆಯ ನಷ್ಟ ಎಂಬ ಬಾಬತ್ತಿನಲ್ಲಿ ಏನೂ ದೊರೆಯದೇ ಇರಬಹುದು. ಅಂತಹವರು ಸುಖ ಸೌಕರ್ಯಗಳ ನಷ್ಟದ ಬಾಬತ್ತಿನಲ್ಲಿ ಹೆಚ್ಚಿನ ಮೊತ್ತ ಕೋರಬಹುದು.

ಆದಾಯಕ್ಕೆ ದಾಖಲೆ ಇಲ್ಲದ ಕೂಲಿಕಾರರು, ಗೃಹಿಣಿಯರು ಹಾಗೂ ಸಣ್ಣ ವ್ಯಾಪಾರಿಗಳು ನಿರಾಶರಾಗಬೇಕಾಗಿಲ್ಲ. ನ್ಯಾಯಮಂಡಳಿಯು ಅಪಘಾತ ನಡೆದ ವರ್ಷವನ್ನು ಆಧರಿಸಿ ಅಂದಾಜು ಆದಾಯವನ್ನು ನಿಗದಿಪಡಿಸುತ್ತದೆ. ಆದರೆ ಉದ್ಯೋಗ ಏನೆಂಬುದನ್ನಾದರೂ ರುಜುವಾತುಪಡಿಸಬೇಕು. ಹಮಾಲಿಯ ಲೈಸೆನ್ಸ್, ಕಾರ್ಮಿಕರ ಗುರುತಿನ ಚೀಟಿ, ಜೊತೆಯಲ್ಲಿ ದುಡಿದವರ ಸಾಕ್ಷ್ಯ ಇವುಗಳಿಂದಲೇ ಮೇಲಿನ ಲೆಕ್ಕದಲ್ಲಿ ಶೇ. 15 ಹಾಗೂ ಶೇ. 50ರ ನಡುವಿನ ಅಂತರ ನಿರ್ಧಾರವಾಗುತ್ತದೆ.

ಪಿಂಚಣಿ ಹಾಗೂ ಇತರ ಸೌಲಭ್ಯಗಳಿಗಾಗಿ ಕೇಳುವ ಶೇ. 40ರ ಮಿತಿಯು ಅಪಘಾತ ಪರಿಹಾರಕ್ಕೆ ಅನ್ವಯಿಸುವುದಿಲ್ಲ. ಶೇ. 10ರಷ್ಟು ಶಾಶ್ವತ ಅಂಗವೈಕಲ್ಯವಿದ್ದರೂ ಪರಿಗಣನೆಗೆ ಬರುತ್ತದೆ.

ಬೆನ್ನಿನ ಗಾಯಗಳಿಗೇ ಸಂಬಂಧಿಸಿದ ತೊಡಕು

ಕೈಕಾಲು ಮುರಿದಲ್ಲಿ ಅದು ಅಪಘಾತದಿಂದಲೇ ಆದದ್ದು ಎಂಬುದರ ಬಗ್ಗೆ ವಿವಾದ ಏಳುವುದು ಅಪರೂಪ. ಬೆನ್ನಿನ ವಿಷಯ ಹಾಗಲ್ಲ. ವಯಸ್ಸಾದಂತೆ ಡಿಸ್ಕ್ ಸವೆಯುವುದು ಸಹಜವಾಗಿದ್ದು, ಅಪಘಾತದ ನಂತರ ತೆಗೆದ ಎಂ.ಆರ್.ಐ. ವರದಿಯಲ್ಲಿ ಹೊಸ ಪೆಟ್ಟಿನ ಜೊತೆಗೆ ಹಳೆಯ ಸವೆತವೂ ಕಾಣಿಸಿಕೊಳ್ಳಬಹುದು. ಶಸ್ತ್ರಚಿಕಿತ್ಸೆ ಆದದ್ದು ಹಳೆಯ ಕಾಯಿಲೆಗೆ, ಅಪಘಾತಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ವಿಮಾ ಕಂಪನಿಯು ವಾದಿಸಲು ಇದು ಆಸ್ಪದ ನೀಡುತ್ತದೆ. ಅಪಘಾತದ ದಿನ ಕೈಕಾಲಿನ ತರಚು ಗಾಯಗಳನ್ನು ಮಾತ್ರ ತೋರಿಸಿ, ಬೆನ್ನುನೋವನ್ನು ಸಹಿಸಿಕೊಂಡು ಮನೆಗೆ ಹೋದವರ ಪ್ರಕರಣಗಳಲ್ಲಿ ಈ ವಾದಕ್ಕೆ ಬಲ ಹೆಚ್ಚು. ಗಾಯದ ಪ್ರಮಾಣಪತ್ರದಲ್ಲಿ ಬೆನ್ನಿನ ಉಲ್ಲೇಖವೇ ಇರುವುದಿಲ್ಲ.

ಆದುದರಿಂದ ಮೊದಲ ದಿನವೇ ಬೆನ್ನಿನ ಅಥವಾ ಕುತ್ತಿಗೆಯ ನೋವು, ಕಾಲಿನ ಜೋಮು, ಮೂತ್ರ ವಿಸರ್ಜನೆಯ ತೊಂದರೆ ಏನಿದ್ದರೂ ವೈದ್ಯರಿಗೆ ತಿಳಿಸಿ ಬರೆಯಿಸತಕ್ಕದ್ದು. ನೋವು ಕೆಲವು ದಿನಗಳ ನಂತರ ಕಾಣಿಸಿಕೊಂಡಲ್ಲಿ ಅಪಘಾತದ ವಿವರಗಳನ್ನು ಹೇಳಿಯೇ ಚಿಕಿತ್ಸೆ ಪಡೆಯತಕ್ಕದ್ದು. ಹಳೆಯ ಸವೆತವಿದ್ದರೂ ಅಪಘಾತಕ್ಕೆ ಮೊದಲು ಗಾಯಾಳು ತೊಂದರೆಯಿಲ್ಲದೆ ದುಡಿಯುತ್ತಿದ್ದರು, ಪೆಟ್ಟಿನಿಂದಾಗಿಯೇ ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು ಎಂದು ಚಿಕಿತ್ಸೆ ನೀಡಿದ ವೈದ್ಯರು ಸಾಕ್ಷ್ಯ ನುಡಿದಲ್ಲಿ ವಿಮಾ ಕಂಪನಿಯ ವಾದ ದುರ್ಬಲವಾಗುತ್ತದೆ. ಹಳೆಯ ಬೆನ್ನುನೋವಿನ ಚಿಕಿತ್ಸೆಯನ್ನು ಮುಚ್ಚಿಡುವುದು ಮಾತ್ರ ಸರ್ವಥಾ ಸಲ್ಲದು. ಪಾಟೀ ಸವಾಲಿನಲ್ಲಿ ಅದು ಹೊರಬಿದ್ದರೆ ಉಳಿದ ಸಾಕ್ಷ್ಯವನ್ನೂ ನಂಬದಂತಾಗುತ್ತದೆ.

ಹಣ ಪಡೆದು ಸಿದ್ಧ ಪ್ರಮಾಣಪತ್ರ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳ ಬಗ್ಗೆ ಎಚ್ಚರ ವಹಿಸುವುದು. ಚಿಕಿತ್ಸೆಯನ್ನೇ ನೀಡದೆ ಉತ್ಪ್ರೇಕ್ಷಿತ ಶೇಕಡಾವಾರು ಬರೆದುಕೊಡುವ ವೈದ್ಯರ ಸಾಕ್ಷ್ಯವನ್ನು ಸುಲಭವಾಗಿ ಒಪ್ಪಬಾರದೆಂದು ರಾಜ್‌ಕುಮಾರ್ ತೀರ್ಪು ನ್ಯಾಯಮಂಡಳಿಗಳನ್ನು ಎಚ್ಚರಿಸಿದೆ. ಸಂಶಯವಿದ್ದಲ್ಲಿ ಗಾಯಾಳುವನ್ನು ವೈದ್ಯಕೀಯ ಮಂಡಳಿಗೆ ಕಳುಹಿಸುವ ಅವಕಾಶವೂ ಇದೆ.

ಅರ್ಜಿಗೆ ಅವಸರ, ರಾಜಿಗೆ ತಾಳ್ಮೆ

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಪರಿಹಾರದ ಅರ್ಜಿಯನ್ನು ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಸಲ್ಲಿಸತಕ್ಕದ್ದು. ಬೆನ್ನುಮೂಳೆ ಕೂಡಿಕೊಂಡು, ನರಗಳ ಚೇತರಿಕೆ ಎಲ್ಲಿಗೆ ನಿಲ್ಲುತ್ತದೆ ಎಂಬುದು ತಿಳಿಯಲು ಅನೇಕ ವೇಳೆ ಇದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ. ಚಿಕಿತ್ಸೆ ಮುಗಿಯಲಿ, ಪ್ರಮಾಣಪತ್ರ ಸಿಗಲಿ ಎಂದು ಕಾಯುತ್ತಾ ಅರ್ಜಿಯ ಅವಧಿಯನ್ನು ಕಳೆದುಕೊಳ್ಳಬಾರದು. ಅರ್ಜಿಯನ್ನು ಮೊದಲು ಸಲ್ಲಿಸಿ, ಅಂಗವೈಕಲ್ಯದ ಸಾಕ್ಷ್ಯವನ್ನು ವಿಚಾರಣೆಯ ಹಂತದಲ್ಲಿ ಹಾಜರುಪಡಿಸಬಹುದು. ಪೊಲೀಸರು ಸಿದ್ಧಪಡಿಸುವ ಅಪಘಾತ ವರದಿಯನ್ನೇ ಅರ್ಜಿಯೆಂದು ಪರಿಗಣಿಸಲು ಅಧಿನಿಯಮದಲ್ಲಿ ಅವಕಾಶವಿದೆಯಾದರೂ ಅದನ್ನೇ ನಂಬಿ ಕೂರುವುದು ಕ್ಷೇಮವಲ್ಲ.

ಇದೇ ತಿದ್ದುಪಡಿಯ ಕಲಂ 149ರಂತೆ ವಿಮಾ ಕಂಪನಿಯ ನಿಯೋಜಿತ ಅಧಿಕಾರಿಯು ಮಾಹಿತಿ ದೊರೆತ 30 ದಿನಗಳೊಳಗೆ ರಾಜಿ ಮೊತ್ತವನ್ನು ಸೂಚಿಸಬೇಕಾಗುತ್ತದೆ. ಸಣ್ಣ ಗಾಯಗಳಿಗೆ ಇದು ಉತ್ತಮ ವ್ಯವಸ್ಥೆ. ಬೆನ್ನಿನ ಶಸ್ತ್ರಚಿಕಿತ್ಸೆಯಾದವರು ಆ ಹೊತ್ತಿಗೆ ಇನ್ನೂ ಹಾಸಿಗೆಯಲ್ಲಿಯೇ ಇರಬಹುದು. ಮುಂದೆ ಭಾರ ಎತ್ತಬಲ್ಲರೇ, ನಡೆಯಬಲ್ಲರೇ ಎಂಬುದು ಅವರಿಗೂ ತಿಳಿದಿರುವುದಿಲ್ಲ, ಕಂಪನಿಗೂ ತಿಳಿದಿರುವುದಿಲ್ಲ. ಒಪ್ಪಿಗೆ ನೀಡಿದಲ್ಲಿ ನ್ಯಾಯಮಂಡಳಿಯು ಅದನ್ನು ದಾಖಲಿಸಿಕೊಂಡು ಪ್ರಕರಣವನ್ನು ಮುಕ್ತಾಯಗೊಳಿಸುತ್ತದೆ. ಒಪ್ಪದಿದ್ದಲ್ಲಿ ಅರ್ಜಿದಾರರಿಗೆ ಯಾವ ಹಾನಿಯೂ ಇಲ್ಲ. ವಿಚಾರಣೆ ನಡೆದು ತೀರ್ಪು ಬರುತ್ತದೆ. ಅಂತೆಯೇ, ಯಾರ ತಪ್ಪೆಂಬುದನ್ನು ಸಾಬೀತುಪಡಿಸದೆಯೇ ಕಲಂ 164ರಡಿ ಗಂಭೀರ ಗಾಯಕ್ಕೆ ದೊರೆಯುವ 2,50,000 ರೂ.ಗಳನ್ನು ಸ್ವೀಕರಿಸಿದಲ್ಲಿ ಕಲಂ 166ರ ಅರ್ಜಿಯು ಬಿದ್ದುಹೋಗುತ್ತದೆ.

ಮುಂದಿನ ವೆಚ್ಚ ಹಾಗೂ ಆರೈಕೆ

ಅಳವಡಿಸಿದ ಸ್ಕ್ರೂ ಮತ್ತು ರಾಡ್‌ಗಳನ್ನು ಮುಂದೆ ತೆಗೆಯಬೇಕಾಗಬಹುದು ಎಂದಾದಲ್ಲಿ ಅದರ ಅಂದಾಜು ವೆಚ್ಚವನ್ನು ವೈದ್ಯರಿಂದ ಬರೆಯಿಸಿ ಹಾಜರುಪಡಿಸತಕ್ಕದ್ದು. ಬೆನ್ನುಹುರಿಗೇ ಧಕ್ಕೆಯಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಪ್ರಕರಣಗಳಲ್ಲಿ ಸಹಾಯಕರ ಖರ್ಚು ಬಹಳ ದೊಡ್ಡದು. ಕಾಜಲ್ ಪ್ರಕರಣದಲ್ಲಿ (2020) 12ನೇ ವಯಸ್ಸಿನಲ್ಲಿ ಅಪಘಾತಕ್ಕೀಡಾಗಿ ತಲೆಗೆ ತೀವ್ರ ಪೆಟ್ಟಾಗಿದ್ದ ಬಾಲಕಿಗೆ ಸರ್ವೋಚ್ಚ ನ್ಯಾಯಾಲಯವು ಇಬ್ಬರು ಸಹಾಯಕರ ವೆಚ್ಚವನ್ನು ತಿಂಗಳಿಗೆ 10,000 ರೂ. ಎಂದು ಪರಿಗಣಿಸಿ, ಗುಣಕ 18ನ್ನು ಅನ್ವಯಿಸಿ ಈ ಒಂದು ಬಾಬತ್ತಿಗೇ 21,60,000 ರೂ. ನೀಡಿತು. ಬೆನ್ನುಹುರಿಯ ಗಾಯಾಳುಗಳೂ ಇದೇ ರೀತಿಯ ಲೆಕ್ಕವನ್ನು ಕೋರಬಹುದು.

ಮೊತ್ತ ಕಡಿಮೆಯಾಗುವ ಸಂದರ್ಭಗಳು

ಅಪಘಾತದಲ್ಲಿ ಗಾಯಾಳುವಿನದೂ ತಪ್ಪಿದ್ದಲ್ಲಿ ಆ ಪ್ರಮಾಣದಷ್ಟು ಮೊತ್ತವನ್ನು ಕಡಿತಗೊಳಿಸಲಾಗುತ್ತದೆ. ಇನ್ನೊಬ್ಬರ ಖಾಸಗಿ ಕಾರಿನಲ್ಲಿ ಪ್ರಯಾಣಿಸುತ್ತಿದ್ದು, ಆ ಕಾರಿನ ಚಾಲಕನದೇ ತಪ್ಪಾಗಿದ್ದಲ್ಲಿ ಕಾರಿನ ಪಾಲಿಸಿಯನ್ನು ಪರಿಶೀಲಿಸುವುದು ಅವಶ್ಯ: ಸಮಗ್ರ ಪಾಲಿಸಿಯು ಪ್ರಯಾಣಿಕರನ್ನು ಒಳಗೊಳ್ಳುತ್ತದೆ, ಮೂರನೇ ವ್ಯಕ್ತಿಯ ಹೊಣೆಗೆ ಸೀಮಿತವಾದ ಪಾಲಿಸಿಯು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ. ತಮ್ಮದೇ ತಪ್ಪಿನಿಂದ ಗಾಯಗೊಂಡ ಮಾಲೀಕರು ಕಲಂ 166ರಡಿ ಪರಿಹಾರ ಪಡೆಯಲಾಗುವುದಿಲ್ಲ. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದಲ್ಲಿ ಗಂಭೀರ ಗಾಯಕ್ಕೆ ನಿಗದಿತ 50,000 ರೂ. ಮಾತ್ರ ದೊರೆಯುತ್ತದೆ, ಆದಕಾರಣ ವಾಹನದ ಸಂಖ್ಯೆಯನ್ನು ಸ್ಥಳದಲ್ಲಿಯೇ ಗುರುತು ಮಾಡಿಕೊಳ್ಳುವುದಕ್ಕೆ ಬಹಳ ಮಹತ್ವವಿದೆ.

ಅರ್ಜಿ ಸಲ್ಲಿಸುವ ಸ್ಥಳ ಮತ್ತು ಕಾನೂನು ನೆರವು

ಅಪಘಾತ ನಡೆದ ಸ್ಥಳದ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದ, ಇಲ್ಲವೇ ಎದುರುದಾರರು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿ ಅರ್ಜಿ ಸಲ್ಲಿಸಬಹುದು. ಬೆಂಗಳೂರು ನಗರದಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವು ಈ ಪ್ರಕರಣಗಳನ್ನು ನಿರ್ವಹಿಸುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ ಸೇರಿದವರು, ಕೈಗಾರಿಕಾ ಕಾರ್ಮಿಕರು ಹಾಗೂ ವಿಕಲಚೇತನರು ತಮ್ಮ ಆದಾಯ ಎಷ್ಟೇ ಇದ್ದರೂ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಪಡೆಯಲು ಅರ್ಹರು. ಇದಕ್ಕಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯನ್ನು ಅಥವಾ ತಾಲ್ಲೂಕು ಸಮಿತಿಯನ್ನು ಸಂಪರ್ಕಿಸಬಹುದು. ನ್ಯಾಯಮಂಡಳಿಯ ತೀರ್ಪು ಸಮಾಧಾನಕರವಾಗಿಲ್ಲದಿದ್ದಲ್ಲಿ 90 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿದೆ. ವಿವಾದಿತ ಮೊತ್ತವು ಒಂದು ಲಕ್ಷ ರೂಪಾಯಿಗಿಂತ ಕಡಿಮೆಯಿದ್ದಲ್ಲಿ ಮೇಲ್ಮನವಿಗೆ ಅವಕಾಶವಿರುವುದಿಲ್ಲ.