ಶೂ ಮೇಲೊಂದು ರಬ್ಬರ್ ಬೂಟು

ಮಳವಳ್ಳಿ ಕಡೆಯ ಬೆಳಕವಾಡಿಯ ಭತ್ತದ ಗದ್ದೆಗೆ ಗಮ್‌ಬೂಟು ಹಾಕ್ಕೊಂಡು ಇಳಿದು ನೋಡಿ. ಬೂಟು ಕೆಸರಲ್ಲೇ ಕಚ್ಕೊಳ್ಳುತ್ತೆ, ಕಾಲು ಮಾತ್ರ ಮೇಲೆ ಬರುತ್ತೆ! ಬೂಟಿನಡಿಗೆ ಗಾಳಿ ನುಗ್ಗೋಕೆ ಜಾಗ ಇರಲ್ಲ, ಅದಕ್ಕೇ. ಹಿಮ್ಮಡಿ ಮೊದಲು ಸಡಿಲಿಸಿ ಎತ್ತಿ.

ಚಳಿ ದೇಶಗಳಲ್ಲಿ ಈ ಗಮ್‌ಬೂಟಿಗೊಬ್ಬ ಅಣ್ಣ ಇದ್ದಾನೆ: ಗೆಲೋಶ್. ಚರ್ಮದ ಶೂ ಬಿಚ್ಚದೆ ಅದರ ಮೇಲೇ ಹಾಕೋ ರಬ್ಬರ್ ಹೊದಿಕೆ. ಹಿಮದ ನೀರು ಶೂಗೆ ಇಳಿಯಲ್ಲ. ಬಾಗಿಲಲ್ಲೇ ಕಳಚಿಟ್ರೆ ಮನೆಯೂ ಚೊಕ್ಕಟ.

ಎರಡೂ ರಬ್ಬರಿನವೇ. ಆದ್ರೆ ಹಸಿ ರಬ್ಬರ್ ಬಿಸಿಲಿಗೆ ಅಂಟಂಟು, ಚಳಿಗೆ ಗಡುಸು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದ್ರು. ಆಮೇಲೆ ರಬ್ಬರ್ ಬಿಸಿಲು, ಚಳಿ ಎರಡಕ್ಕೂ ಬಗ್ಗಲಿಲ್ಲ.

ಮತ್ತೆ ನಮ್ಮ ಗದ್ದೆಗೆ ಬಂದ್ರೆ, ನಾಟಿಗೆ ಬರಿಗಾಲೇ ಸರಿ, ಒಪ್ತೀನಿ. ಆದ್ರೆ ಕಾಲಲ್ಲಿ ಗಾಯ ಇದ್ದಾಗ, ಕೊಟ್ಟಿಗೆ ತೊಳೆಯುವಾಗ ಗಮ್‌ಬೂಟು ಹಾಕ್ಕೊಳ್ಳಿ. ಇಲಿಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದ್ರೆ ಇಲಿಜ್ವರ ಬರಬಹುದು. ಕೆಲಸ ಮುಗಿದ್ಮೇಲೆ ತೊಳೆದು, ಬೋರಲು ಹಾಕಿ ಒಣಗಿಸಿ.