ಮದುವೆಯ ಅದೃಷ್ಟ: ಐರ್ಲೆಂಡಿನ ಕೆಲವು ನಂಬಿಕೆಗಳು

ನಾಳೆ ಮದುವೆ, ಇಂದು ಸಂಜೆ ಆಕಾಶದಲ್ಲಿ ಮೋಡ ಕವಿದಿದೆ. ಇಂತಹ ಹೊತ್ತಿನಲ್ಲಿ ಐರ್ಲೆಂಡಿನ ಅನೇಕ ಕ್ಯಾಥೊಲಿಕ್ ಮನೆಗಳಲ್ಲಿ ಹಿರಿಯರು ಬಾಲಯೇಸುವಿನ ಒಂದು ಚಿಕ್ಕ ವಿಗ್ರಹವನ್ನು ಹೊರಗೆ ತಂದು, ತೋಟದ ಪೊದೆಯ ಕೆಳಗೆ ಇಟ್ಟು ಬರುವುದುಂಟು. ‘ಪ್ರಾಗ್ ನಗರದ ಬಾಲಯೇಸು’ ಎಂದು ಅದರ ಹೆಸರು. ವಿಗ್ರಹವು ರಾತ್ರಿಯೆಲ್ಲ ಹೊರಗಿದ್ದರೆ ಮರುದಿನ ಮಳೆ ಬಾರದೆಂದು ನಂಬಿಕೆ.

ಶುಭವನ್ನು ಕೋರುವ ಇಂತಹ ಆಚಾರಗಳು ಆ ದೇಶದ ಮದುವೆಗಳಲ್ಲಿ ಇನ್ನೂ ಹಲವಿವೆ. ವಧುವು ಕುದುರೆಯ ಲಾಳವೊಂದನ್ನು ಜೊತೆಯಲ್ಲಿ ಕೊಂಡೊಯ್ಯುವಳು. ಅದರ ತೆರೆದ ತುದಿಗಳು ಮೇಲ್ಮುಖವಾಗಿರಬೇಕು, ಇಲ್ಲವಾದರೆ ಅದೃಷ್ಟವು ಸೋರಿಹೋದೀತು! ದಂಪತಿಗಳಿಗೆ ಗಂಟೆಯನ್ನು ಉಡುಗೊರೆಯಾಗಿ ಕೊಡುವರು. ಅದರ ನಾದಕ್ಕೆ ದುಷ್ಟಶಕ್ತಿಗಳು ಓಡಿಹೋಗುವುವಂತೆ. ವಧುವಿನ ಹೂಗೊಂಚಲಿನಲ್ಲಿ ‘ಶ್ಯಾಮ್‌ರಾಕ್’ ಎಂಬ ಮೂರೆಲೆಯ ಸೊಪ್ಪು, ಕೈಯಲ್ಲಿ ಲಿನನ್ ಕರವಸ್ತ್ರ.

ಇವನ್ನು ಕೇಳಿ ನಕ್ಕುಬಿಡುವುದು ಸುಲಭ; ಕೇಳಿದೊಡನೆ ನಂಬಿಬಿಡುವುದೂ ಸುಲಭ. ವಿಜ್ಞಾನದ ವಿದ್ಯಾರ್ಥಿಗಳು ಎರಡನ್ನೂ ಬಿಟ್ಟು ಪರೀಕ್ಷಿಸಿ ನೋಡಬೇಕು. ಮೊದಲು ಮಳೆಯ ವಿಗ್ರಹವನ್ನೇ ತೆಗೆದುಕೊಳ್ಳೋಣ.

ದಿನಕ್ಕೆ 1 ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದರೆ ಅದನ್ನು ‘ಒದ್ದೆಯ ದಿನ’ವೆಂದು ಹವಾಮಾನಶಾಸ್ತ್ರಜ್ಞರು ಎಣಿಸುತ್ತಾರೆ. ಐರ್ಲೆಂಡಿನ ಪೂರ್ವ ಭಾಗದಲ್ಲಿ ವರ್ಷಕ್ಕೆ ಇಂತಹ ದಿನಗಳು ಸುಮಾರು 150. ಅಟ್ಲಾಂಟಿಕ್ ಸಾಗರದ ತೇವದ ಗಾಳಿ ನೇರವಾಗಿ ಬಂದು ಬಡಿಯುವ ಪಶ್ಚಿಮದಲ್ಲಿ ಸುಮಾರು 225. ಹಾಗಾದರೆ ಪೂರ್ವದಲ್ಲಿ 365 ದಿನಗಳ ಪೈಕಿ 215 ದಿನ ಒಣಗಿಯೇ ಇರುತ್ತವೆ. ಎಂದರೆ, ಯಾರೂ ಯಾವ ವಿಗ್ರಹವನ್ನೂ ಇಡದಿದ್ದರೂ 10 ಮದುವೆಗಳಲ್ಲಿ ಸುಮಾರು 6 ಮಳೆಯಿಲ್ಲದೆ ನಡೆಯುತ್ತವೆ! ಪಶ್ಚಿಮದಲ್ಲಿಯೂ 10ಕ್ಕೆ ಸುಮಾರು 4 ಹೀಗೆಯೇ. ವಿಗ್ರಹವನ್ನು ಇಟ್ಟವರು ಬಿಸಿಲು ಬಂದ ದಿನವನ್ನು ಮೊಮ್ಮಕ್ಕಳಿಗೆ ಹೇಳುವರು. ಮಳೆ ಬಂದ ದಿನವನ್ನು ಮರೆಯುವರು.

ಮರೆಯದವರಿಗೂ ಒಂದು ಸಮಾಧಾನವುಂಟು. ವಿಗ್ರಹದ ತಲೆಯು ತಾನಾಗಿ ಮುರಿದಿದ್ದರೆ ಮಾತ್ರ ಅದಕ್ಕೆ ಪೂರ್ಣ ಶಕ್ತಿಯೆಂದು ಕೆಲವರು ಹೇಳುತ್ತಾರೆ. ಬಿಸಿಲು ಬಂದರೆ ವಿಗ್ರಹದ ಮಹಿಮೆ; ಮಳೆ ಬಂದರೆ ತಲೆ ಮುರಿದಿರಲಿಲ್ಲ! ಯಾವ ಫಲ ಬಂದರೂ ಸುಳ್ಳಾಗದ ಮಾತನ್ನು ಪರೀಕ್ಷಿಸುವುದು ಸಾಧ್ಯವಿಲ್ಲ. ವಿಜ್ಞಾನಕ್ಕೂ ನಂಬಿಕೆಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ.

ಇನ್ನು ಕರವಸ್ತ್ರದ ವಿಷಯ. ಮದುವೆಯ ದಿನ ವಧುವು ಹಿಡಿದ ಕರವಸ್ತ್ರವನ್ನು ನಾಲ್ಕಾರು ಹೊಲಿಗೆ ಹಾಕಿ, ಮುಂದೆ ಹುಟ್ಟುವ ಮಗುವಿನ ದೀಕ್ಷಾಸ್ನಾನಕ್ಕೆ ಕುಲಾವಿಯನ್ನಾಗಿ ಮಾಡುವರು. ಆ ಮಗು ಬೆಳೆದು ಮದುವೆಯಾಗುವಾಗ ಹೊಲಿಗೆಯನ್ನು ಬಿಚ್ಚಿದರೆ ಮತ್ತೆ ಕರವಸ್ತ್ರ! ಲಿನನ್ ಬಟ್ಟೆ ಅಗಸೆಯ ಕಾಂಡದ ನಾರಿನಿಂದ ಆಗುವುದು. ನಮ್ಮ ಉತ್ತರ ಕರ್ನಾಟಕದಲ್ಲಿ ಎಣ್ಣೆಬೀಜಕ್ಕಾಗಿ ಬೆಳೆಯುವ ಅಗಸೆಯೂ ಇದೇ ಜಾತಿಯ ಗಿಡ. ಈ ನಾರಿನಲ್ಲಿ ಸೆಲ್ಯುಲೋಸಿನ ಉದ್ದನೆಯ ಅಣುಗಳು ಒತ್ತಾಗಿ, ಸಾಲಾಗಿ ಜೋಡಿಸಿಕೊಂಡಿವೆ. ನೀರಿನಲ್ಲಿ ನೆನೆದಾಗ ಅದರ ಬಲ ಕುಗ್ಗದೆ ಇನ್ನಷ್ಟು ಹೆಚ್ಚುತ್ತದೆ. ಎಷ್ಟು ಸಲ ಒಗೆದರೂ ತಲೆಮಾರಿನಿಂದ ತಲೆಮಾರಿಗೆ ಬಾಳುವ ವಸ್ತುವನ್ನು ಬಾಳಿನ ಸಂಕೇತವಾಗಿ ಆರಿಸಿದವರ ಜಾಣತನವನ್ನು ನಾವು ಮೆಚ್ಚಲೇಬೇಕು.

ಶ್ಯಾಮ್‌ರಾಕ್‌ನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಇದು ಯಾವ ಗಿಡವೆಂಬುದರಲ್ಲಿ ಐರ್ಲೆಂಡಿನವರಲ್ಲಿಯೇ ಏಕಾಭಿಪ್ರಾಯವಿಲ್ಲ. ಸಸ್ಯವಿಜ್ಞಾನಿ ಚಾರ್ಲ್ಸ್ ನೆಲ್ಸನ್ 1988ರಲ್ಲಿ ಈ ಕುರಿತು ಸಮೀಕ್ಷೆ ನಡೆಸಿದಾಗ, ಹೆಚ್ಚು ಮಂದಿ ಹಳದಿ ಹೂವಿನ ಚಿಕ್ಕ ಕ್ಲೋವರನ್ನೂ ಅವರ ನಂತರ ಹೆಚ್ಚಿನವರು ಬಿಳಿಯ ಕ್ಲೋವರನ್ನೂ ಶ್ಯಾಮ್‌ರಾಕ್ ಎಂದರು. ಕ್ಲೋವರಿನ ಎಲೆಗೆ ಸಾಮಾನ್ಯವಾಗಿ 3 ದಳಗಳು. ಎಂದೋ ಒಮ್ಮೆ 4 ದಳಗಳಿರುವುದು ಸಿಕ್ಕರೆ ಅದು ಮಹಾ ಅದೃಷ್ಟ. ನಾಲ್ಕನೆಯ ದಳ ಮೂಡಲು ವಂಶಗುಣವೂ ಬೆಳೆದ ಪರಿಸರವೂ ಕಾರಣವೆಂದು ತಿಳಿದುಬಂದಿದೆ.

ಆದರೆ ಕ್ಲೋವರಿನ ನಿಜವಾದ ಭಾಗ್ಯವಿರುವುದು ಮಣ್ಣಿನೊಳಗೆ. ಅದರ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ಗಾಳಿಯಲ್ಲಿ ಶೇಕಡ 78 ಭಾಗ ಸಾರಜನಕವಿದ್ದರೂ ಗಿಡವು ಅದನ್ನು ನೇರವಾಗಿ ಬಳಸಲಾರದು. ಬ್ಯಾಕ್ಟೀರಿಯಗಳು ಅದನ್ನು ಅಮೋನಿಯವಾಗಿ ಮಾರ್ಪಡಿಸಿ ಗಿಡಕ್ಕೆ ಕೊಡುತ್ತವೆ. ಗಿಡವು ಅವಕ್ಕೆ ಸಕ್ಕರೆಯನ್ನು ಕೊಡುತ್ತದೆ. ಇದರಿಂದ ಹುಲ್ಲುಗಾವಲು ಫಲವತ್ತಾಗಿ, ದನಕರುಗಳಿಗೆ ಮೇವು ಒದಗುತ್ತದೆ. ವಾಚಕರು ಅವರೆಯ ಅಥವಾ ಹುರುಳಿಯ ಗಿಡವನ್ನು ಬೇರುಸಹಿತ ಕಿತ್ತು, ಒಂದು ಗಂಟನ್ನು ಸೀಳಿ ನೋಡಬಹುದು. ಒಳಗೆ ನಸುಗೆಂಪು ಬಣ್ಣ ಕಂಡರೆ ಬ್ಯಾಕ್ಟೀರಿಯಗಳು ಕೆಲಸದಲ್ಲಿವೆಯೆಂದು ತಿಳಿಯಬೇಕು. ಈ ಬಣ್ಣವು ನಮ್ಮ ರಕ್ತದ ಹೀಮೊಗ್ಲೋಬಿನ್ನಿನ ಬಂಧುವಾದ ಒಂದು ವಸ್ತುವಿನಿಂದ ಬಂದುದು.

ನಂಬಿಕೆಗೆ ಇನ್ನೊಂದು ಮುಖವೂ ಉಂಟೆಂಬುದನ್ನು ಮರೆಯಬಾರದು. ಐರ್ಲೆಂಡಿನ ಮೀನುಗಾರರು ಹಿಂದೆ ದಾರಿಯಲ್ಲಿ ಕೆಂಪುಗೂದಲಿನ ಹೆಂಗಸು ಎದುರಾದರೆ ಅಂದು ಕಡಲಿಗೆ ಇಳಿಯದೆ ಹಿಂದಿರುಗುತ್ತಿದ್ದರು. ನಮ್ಮಲ್ಲಿಯೂ ಮದುವೆಯಾದ ವರ್ಷ ಮನೆಯಲ್ಲಿ ನಷ್ಟವಾದರೆ, ಹೊಸದಾಗಿ ಬಂದ ಸೊಸೆಯ ಕಾಲ್ಗುಣವನ್ನು ಹಳಿಯುವವರಿಲ್ಲವೆ? ಮಳೆಯ ದಿನಗಳನ್ನು ಎಣಿಸಿದ ಲೆಕ್ಕವೇ ಇಲ್ಲಿಗೂ ಸಲ್ಲುತ್ತದೆ. ಸೊಸೆ ಬಾರದ ಮನೆಗಳಲ್ಲಿಯೂ ನಷ್ಟವಾಗಿಲ್ಲವೆ ಎಂದು ಕೇಳಿದರೆ ಸಾಕು, ನಿರಪರಾಧಿಯೊಬ್ಬಳ ತಲೆಯ ಮೇಲಿನ ಅಪವಾದ ತಾನಾಗಿ ಕಳಚಿಬೀಳುವುದು.

ಆದುದರಿಂದ ಐರಿಷ್ ವಧುವು ಲಾಳವನ್ನು ಹಿಡಿಯಲಿ, ಗಂಟೆಯನ್ನು ಬಾರಿಸಲಿ, ಅಜ್ಜಿಯ ಕರವಸ್ತ್ರದಿಂದ ಕಣ್ಣೊರಸಿಕೊಳ್ಳಲಿ. ಅವು ಹಿರಿಯರ ಹಾರೈಕೆಗಳು. ಹಾರೈಕೆಯೆಂದು ತಿಳಿದು ಸ್ವೀಕರಿಸಿದರೆ ಸಂತೋಷವೇನೂ ಕಡಮೆಯಾಗದು. ಮಳೆಯ ವಿಚಾರಕ್ಕೆ ಮಾತ್ರ ಒಂದು ಕೊಡೆಯನ್ನು ಜೊತೆಯಲ್ಲಿಟ್ಟುಕೊಳ್ಳುವುದು ಮೇಲು.