ಕಾಂತದ ಸುತ್ತ ಕಟ್ಟಿಕೊಂಡ ಬದುಕು

ನೆಲದ ಮೇಲೆ ಹಳದಿ ಗೆರೆ. ಅದನ್ನು ದಾಟುವ ಮೊದಲು ಜೇಬು ತಡವಿಕೊಳ್ಳಬೇಕು. ಎಟಿಎಂ ಕಾರ್ಡು, ಕೈಗಡಿಯಾರ, ಬೀಗದ ಕೈಗೊಂಚಲು, ಮೊಬೈಲು ಎಲ್ಲವೂ ಈಚೆಯ ಮೇಜಿನ ಮೇಲೇ ಉಳಿಯಬೇಕು. ಎದೆಯೊಳಗೆ ಪೇಸ್‌ಮೇಕರ್ ಇದ್ದವರು ದಾಟುವಂತೆಯೇ ಇಲ್ಲ. ಗೆರೆಯ ಆಚೆ ಆಳೆತ್ತರ ಮೀರಿದ ಉಕ್ಕಿನ ಸಿಲಿಂಡರೊಂದು ಗಟ್ಟಿ ಕಾಲುಗಳ ಮೇಲೆ ನಿಂತಿದೆ. ಅದರ ಒಡಲಲ್ಲಿ, ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಂನಲ್ಲಿ ಮುಳುಗಿದ ತಂತಿಯ ಸುರುಳಿಯಿದೆ. ಒಮ್ಮೆ ಹರಿಯಬಿಟ್ಟ ವಿದ್ಯುತ್ತು ಆ ಸುರುಳಿಯಲ್ಲಿ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಊರಿಗೆಲ್ಲ ಕರೆಂಟು ಹೋದರೂ ಈ ಕಾಂತ ಆರುವುದಿಲ್ಲ.

ಎನ್‌ಎಂಆರ್, ಅಂದರೆ ಪರಮಾಣು ಬೀಜಗಳ ಕಾಂತೀಯ ಅನುರಣನ ಎಂಬ ವಿದ್ಯೆಯಲ್ಲಿ ಪಿಎಚ್‌ಡಿಗೆ ಸೇರಿದ ಹುಡುಗಿಗೆ ಮೊದಲು ಸಿಗುವ ಕೆಲಸ ಈ ಸಿಲಿಂಡರಿನ ಹೊಟ್ಟೆ ತುಂಬಿಸುವುದು. ಹೀಲಿಯಂ ಬೇಗ ಆವಿಯಾಗದಂತೆ ಅದರ ಸುತ್ತ ದ್ರವ ನೈಟ್ರೋಜನ್ನಿನ ಕವಚವಿರುತ್ತದೆ. ಅದನ್ನು ವಾರ ಹತ್ತು ದಿನಕ್ಕೊಮ್ಮೆ ತುಂಬಬೇಕು. ಕೈಗೆ ದಪ್ಪ ಗವಸು, ಮುಖಕ್ಕೆ ಪಾರದರ್ಶಕ ಕವಚ. ಕೊಳವೆ ಜೋಡಿಸಿ ಒತ್ತಡ ಏರಿಸಿದರೆ ಲೋಹದ ತುದಿಗೆ ಮಂಜು ಹತ್ತುತ್ತದೆ, ಬಿಳಿಯ ಆವಿ ಇಳಿದು ನೆಲದ ಮೇಲೆ ಹರಿಯುತ್ತದೆ. ಕಿಟಕಿಗಳೆಲ್ಲ ತೆರೆದಿರಬೇಕು, ಗೋಡೆಯ ಮೇಲಿನ ಆಮ್ಲಜನಕದ ಮಾಪಕದ ಮೇಲೆ ಕಣ್ಣಿರಬೇಕು. ಎರಡು ಡಿಗ್ರಿ ಪಡೆದು ಬಂದವರಿಗೆ ಇದೇಕೆ ಎಂದು ಕೇಳುವವರಿದ್ದಾರೆ. ಯಂತ್ರವನ್ನು ಬದುಕಿಸುವುದು ಗೊತ್ತಿಲ್ಲದವರು ಅದರ ಮಾತು ಕೇಳಲಾರರು ಎಂಬುದು ನನ್ನ ನಂಬಿಕೆ.

ಅವಳ ಕೈಯಲ್ಲೀಗ 5 ಮಿಲಿಮೀಟರ್ ದಪ್ಪದ ಗಾಜಿನ ಕೊಳವೆ. ತಳದಲ್ಲಿ ಎರಡು ಬೆರಳಷ್ಟು ದ್ರಾವಣ, ಅದರಲ್ಲಿ ಕೆಲವೇ ಮಿಲಿಗ್ರಾಂ ವಸ್ತು. ಕೊಳವೆಯನ್ನು ಸಿಲಿಂಡರಿನ ನೆತ್ತಿಯ ಬಾಯಿಗೆ ಇಟ್ಟರೆ ಗಾಳಿಯ ಮೆತ್ತೆಯ ಮೇಲೆ ಅದು ಕ್ಷಣಕಾಲ ತೇಲುತ್ತದೆ, ಆಮೇಲೆ ಉಸ್ಸೆಂದು ಒಳಗಿಳಿಯುತ್ತದೆ. ಮುಂದಿನದು ಶಿಮ್ಮಿಂಗ್. ಸುತ್ತಲಿನ ಪುಟ್ಟ ಸುರುಳಿಗಳ ವಿದ್ಯುತ್ತನ್ನು ಒಂದಿಷ್ಟು ಏರಿಸಿ ಒಂದಿಷ್ಟು ಇಳಿಸಿ, ಕೊಳವೆಯ ಉದ್ದಕ್ಕೂ ಕಾಂತಕ್ಷೇತ್ರ ಒಂದೇ ಸಮನಾಗುವಂತೆ ಮಾಡಬೇಕು. ತಂಬೂರಿ ಶ್ರುತಿ ಮಾಡುವವರು ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ ಕಿವಿಗೊಡುವ ಹಾಗೆ. ಈಗ ಕಂಪ್ಯೂಟರೇ ಇದನ್ನು ಮಾಡಿಕೊಡುತ್ತದೆ. ಆದರೂ ಹಳಬರು ಕೈಯಿಂದ ಕಲಿಸದೆ ಬಿಡುವುದಿಲ್ಲ.

9.4 ಟೆಸ್ಲಾ ಕಾಂತದಲ್ಲಿ ಹೈಡ್ರೋಜನ್ನಿನ ಬೀಜ ಸೆಕೆಂಡಿಗೆ 40 ಕೋಟಿ ಸಲ ತಿರುಗುತ್ತದೆ. ರೇಡಿಯೊ ಅಲೆಯ ಚಿಕ್ಕ ಮಿಡಿತವೊಂದನ್ನು ಕೊಟ್ಟರೆ ಆ ಬೀಜಗಳು ಮರುದನಿ ಕೊಟ್ಟು, ಒಂದೆರಡು ಸೆಕೆಂಡಿನಲ್ಲಿ ಸೊರಗುತ್ತವೆ. ಆ ದನಿಯೂ ಅತಿ ಕ್ಷೀಣ. ಅಷ್ಟು ಬಲದ ಕಾಂತದಲ್ಲೂ ಹತ್ತು ಲಕ್ಷ ಬೀಜಗಳಲ್ಲಿ ಕಾಂತದ ದಿಕ್ಕಿನವು ಎದುರು ದಿಕ್ಕಿನವಕ್ಕಿಂತ ಸುಮಾರು ಮೂವತ್ತರಷ್ಟೇ ಹೆಚ್ಚು. ಲೆಕ್ಕಕ್ಕೆ ಬರುವುದು ಆ ಹೆಚ್ಚಳ ಮಾತ್ರ, ಉಳಿದವು ಒಂದನ್ನೊಂದು ಅಳಿಸಿಹಾಕುತ್ತವೆ. ಆದ್ದರಿಂದಲೇ ಒಂದೇ ಅಳತೆಯನ್ನು ನೂರಾರು ಸಲ ಪೇರಿಸುತ್ತ ರಾತ್ರಿ ಕಳೆಯಬೇಕಾಗುತ್ತದೆ. ಮ್ಯಾಗ್ನೆಟ್ ಟೈಮ್ ಹಂಚುವ ಪಟ್ಟಿಯಲ್ಲಿ ಹೊಸಬರಿಗೆ ಬರುವುದೂ ಹೆಚ್ಚಾಗಿ ರಾತ್ರಿಯ ಪಾಳಿಯೇ.

ಈ ವಿದ್ಯೆಯ ಆರಂಭದ ದಿನಗಳಲ್ಲಿ, 1951ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆರ್ನಾಲ್ಡ್, ಧರ್ಮಟ್ಟಿ, ಪ್ಯಾಕಾರ್ಡ್ ಎಂಬ ಮೂವರು ಮದ್ಯಸಾರದಿಂದ ದನಿಯ ಮೂರು ಬೇರೆ ಬೇರೆ ಶಿಖರಗಳನ್ನು ಬಿಡಿಸಿ ತೋರಿಸಿದರು. ಒಂದೇ ಅಣುವಿನ ಹೈಡ್ರೋಜನ್ನುಗಳೂ ತಾವು ಕೂತ ಜಾಗಕ್ಕೆ ತಕ್ಕಂತೆ ಬೇರೆ ದನಿ ತೆಗೆಯುತ್ತವೆ ಎಂದು ಅಲ್ಲಿ ಕಣ್ಣಿಗೆ ಕಂಡಿತು. ಆ ನಡುವಿನ ಹೆಸರಿನ ಎಸ್.ಎಸ್. ಧರ್ಮಟ್ಟಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು ಈ ವಿದ್ಯೆಯ ಗುಂಪನ್ನೇ ಕಟ್ಟಿದರು. ಅದೇ 1951ರಲ್ಲಿ, ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಕಾಂತದ ನಡುವೆ ಕೊಳವೆಯಿಟ್ಟು ದ್ರವ ಹರಿಸಿದರು. ನಿಂತ ದ್ರವಕ್ಕಿಂತ ಹರಿಯುವ ದ್ರವ ಜೋರಾಗಿ ನುಡಿಯಿತು. ದಣಿದ ಬೀಜಗಳು ಮುಂದೆ ಸಾಗಿ, ಅವುಗಳ ಜಾಗಕ್ಕೆ ಇನ್ನೂ ಅಲೆ ತಾಗದ ಹೊಸ ಬೀಜಗಳು ಬಂದದ್ದೇ ಕಾರಣ. ಇಂದು ಬಣ್ಣದ ಚುಚ್ಚುಮದ್ದಿಲ್ಲದೆ ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುವ ಒಂದು ವಿಧಾನದ ಬೇರಿನಲ್ಲಿ ಇದೇ ತತ್ವವಿದೆ. ಕಾರ್ಖಾನೆಯಲ್ಲಿ ತಯಾರಾದ ಎನ್‌ಎಂಆರ್ ಯಂತ್ರ ಇನ್ನೂ ಮಾರುಕಟ್ಟೆಗೇ ಬಂದಿರದ ಕಾಲವದು. ನಮ್ಮ ಪಠ್ಯಪುಸ್ತಕಗಳಲ್ಲಿ ಸೂರ್ಯನ್ ಅವರ ಹೆಸರು ಕಾಣದಿರುವುದು ನನಗೆ ನೋವಿನ ಸಂಗತಿ.

ಇದೇ ವಿದ್ಯೆಯ ಇನ್ನೊಬ್ಬ ವಿಜ್ಞಾನಿ ಅನಿಲ್ ಕುಮಾರ್ ಅವರ ಹಾದಿ ಬೇರೊಂದು ಬಗೆಯದು. ಜ್ಯೂರಿಕ್‌ನಲ್ಲಿ ರಿಚರ್ಡ್ ಅರ್ನ್‌ಸ್ಟ್ ಅವರ ಪ್ರಯೋಗಾಲಯದಲ್ಲಿದ್ದಾಗ, 1975ರಲ್ಲಿ, ಫೂರಿಯೆ ಗಣಿತದಿಂದ ಎಂಆರ್‌ಐ ಚಿತ್ರ ಕಟ್ಟುವ ಬಗೆಯನ್ನು ಹೇಳಿದ ಪ್ರಬಂಧಕ್ಕೆ ಅವರದೇ ಮೊದಲ ಹೆಸರು. ಇಂದಿನ ಆಸ್ಪತ್ರೆಯ ಸ್ಕ್ಯಾನರುಗಳು ಆ ದಾರಿಯಲ್ಲೇ ನಡೆದು ಬಂದವು. 1980ರಲ್ಲಿ ಅರ್ನ್‌ಸ್ಟ್ ಮತ್ತು ಕರ್ಟ್ ವ್ಯೂಟ್ರಿಕ್ ಜೊತೆ ಪ್ರೋಟೀನಿನ ಆಕಾರ ಹುಡುಕುವ ಎರಡು ಆಯಾಮದ ಪ್ರಯೋಗವನ್ನೂ ಪ್ರಕಟಿಸಿದರು. ಅರ್ನ್‌ಸ್ಟ್‌ಗೆ 1991ರಲ್ಲಿ, ವ್ಯೂಟ್ರಿಕ್‌ಗೆ 2002ರಲ್ಲಿ ನೊಬೆಲ್ ಬಂತು. ಅನಿಲ್ ಕುಮಾರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು, ಶಿಷ್ಯರನ್ನು ಬೆಳೆಸಿದರು.

ಈಗ ಆಸ್ಪತ್ರೆಯ ನೆಲಮಾಳಿಗೆಯ ಎಂಆರ್‌ಐ ಕೋಣೆ. ಕೊನೆಯ ರೋಗಿ ಹೊರಟ ಮೇಲೆ ಸಂಶೋಧಕರ ಸರದಿ. ಸ್ಟ್ರೆಚರ್, ಆಮ್ಲಜನಕದ ಸಿಲಿಂಡರ್, ಕತ್ತರಿ ಯಾವುದೂ ಆ ಬಾಗಿಲೊಳಗೆ ಹೋಗಬಾರದು. ಸ್ವಯಂಸೇವಕನಾಗಿ ಬಂದ ವಿದ್ಯಾರ್ಥಿಯ ಕಿವಿಗೆ ಬಿರಡೆ, ತಲೆಗೆ ಸಂಕೇತ ಹಿಡಿಯುವ ಪಂಜರದಂಥ ಕಾಯಿಲ್, ಕೈಗೆ ಒತ್ತುವ ರಬ್ಬರ್ ಬುಗ್ಗೆ. “ಹೆದರ್ಕೊಂಡ್ರೆ ಇದನ್ನ ಒತ್ತಿ. ತಲೆ ಮಾತ್ರ ಅಲ್ಲಾಡಿಸ್ಬೇಡಿ” ಎನ್ನುತ್ತಾರೆ ಟೆಕ್ನಿಷಿಯನ್. ಮೇಜು ಸುರಂಗದೊಳಗೆ ಸರಿಯುತ್ತದೆ. ಟಕಟಕ, ಢಣಢಣ. ಗ್ರೇಡಿಯೆಂಟ್ ಸುರುಳಿಗಳಲ್ಲಿ ವಿದ್ಯುತ್ತು ಏರಿ ಇಳಿಯುವಾಗ ಅವು ಅದುರಿ ಎಬ್ಬಿಸುವ ಸದ್ದದು.

ಗಾಜಿನ ಈಚೆ ಕೂತ ಸಂಶೋಧಕ ಪರದೆಯ ಮೇಲಿನ ಮಿದುಳಿನಲ್ಲಿ ಎರಡು ಸೆಂಟಿಮೀಟರಿನ ಚೌಕವೊಂದನ್ನು ಎಳೆದು ಕೂರಿಸುತ್ತಾನೆ. ಆ ಪೆಟ್ಟಿಗೆಯಷ್ಟು ಜಾಗದ ರಸಾಯನವನ್ನು ಚರ್ಮ ಕೊಯ್ಯದೆ ಓದುವುದೇ ಸ್ಪೆಕ್ಟ್ರೋಸ್ಕೋಪಿ. ನೀರಿನ ದನಿ ಉಳಿದವಕ್ಕಿಂತ ಸಾವಿರಾರು ಪಟ್ಟು ದೊಡ್ಡದು, ಅದನ್ನು ಮೊದಲು ಅಡಗಿಸಬೇಕು. ಐದಾರು ನಿಮಿಷ ಕಳೆದರೆ ಪರದೆಯ ಬಲತುದಿಯ ಕಡೆ ನರಕೋಶಗಳ ಗುರುತಾದ ಎನ್‌ಎಎ ಏಳುತ್ತದೆ, ಅದರ ಪಕ್ಕದಲ್ಲಿ ಕ್ರಿಯಾಟಿನ್, ಕೋಲಿನ್. ಗಡ್ಡೆ ಬೆಳೆದ ಕಡೆ ಎನ್‌ಎಎ ಕುಗ್ಗಿ ಕೋಲಿನ್ ಹಿಗ್ಗುವುದು ಸಾಮಾನ್ಯ. ಆದರೆ ವಿದ್ಯಾರ್ಥಿ ಒಮ್ಮೆ ಕೆಮ್ಮಿದರೂ ಶಿಖರಗಳು ಮಸುಕಾಗುತ್ತವೆ, ಮತ್ತೆ ಮೊದಲಿಂದ ಶುರು. ಈ ಕೋಣೆಗೆ ಭೌತವಿಜ್ಞಾನ ಬಲ್ಲವರೂ ಬೇಕು, ರೋಗಿಯ ಭಯ ಅರಿತವರೂ ಬೇಕು. ಎರಡೂ ಒಬ್ಬರಲ್ಲೇ ಸಿಗುವುದು ಅಪರೂಪ. ಅಂಥವರನ್ನು ತಯಾರಿಸುವ ಕೋರ್ಸುಗಳು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಾಲವು.

ಈ ಕೋಣೆಗಳಿಗೆ ಬರುವ ದಾರಿ ಗುಟ್ಟೇನಲ್ಲ. ಭೌತ ಅಥವಾ ರಸಾಯನ ವಿಜ್ಞಾನದ ಬಿಎಸ್ಸಿ ಮುಗಿಸಿ, ಜಾಮ್ ಪರೀಕ್ಷೆ ಬರೆದು ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರಬಹುದು. ಎಂಎಸ್ಸಿಯ ನಂತರ ನೆಟ್ ಅಥವಾ ಗೇಟ್ ಬರೆದೂ ಬರಬಹುದು. ಎಂಜಿನಿಯರಿಂಗ್ ಓದಿದವರಿಗೂ ಬಾಗಿಲು ತೆರೆದಿದೆ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ದೊರೆತವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಐದಾರು ವರ್ಷದ ಪಿಎಚ್‌ಡಿ, ಆಮೇಲೆ ಹೊರದೇಶದಲ್ಲೋ ಇಲ್ಲೋ ಪೋಸ್ಟ್‌ಡಾಕ್. ಮೇಷ್ಟ್ರ ಹುದ್ದೆಗಳು ಕಡಿಮೆ, ಅದನ್ನು ಮುಚ್ಚಿಡಬಾರದು. ಔಷಧ ಕಂಪನಿಗಳ ವಿಶ್ಲೇಷಣಾ ವಿಭಾಗ, ಆಸ್ಪತ್ರೆ, ಸ್ಕ್ಯಾನರ್ ತಯಾರಕರ ಬೆಂಗಳೂರಿನ ಎಂಜಿನಿಯರಿಂಗ್ ಕೇಂದ್ರಗಳು ಹಲವರಿಗೆ ನೆಲೆ ಕೊಟ್ಟಿವೆ.

ಯಂತ್ರ ಮಾತ್ರ ಬಹುಪಾಲು ಹೊರಗಿನಿಂದಲೇ ಬರುತ್ತದೆ. ಕೊಂಡ ಯಂತ್ರವನ್ನು ಚೆನ್ನಾಗಿ ನಡೆಸುವುದೂ ವಿದ್ಯೆಯೇ. ಆದರೆ ಸೂರ್ಯನ್ ದುಡಿದ ಊರಿನ ಮಕ್ಕಳು ಅಲ್ಲಿಗೇ ನಿಲ್ಲಬಾರದು ಎಂದು ಮನಸ್ಸು ಹಟ ಹಿಡಿಯುತ್ತದೆ. 2023ರಲ್ಲಿ ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಸಂಸ್ಥೆಯ 1.5 ಟೆಸ್ಲಾ ಸ್ವದೇಶಿ ಸ್ಕ್ಯಾನರ್ ಬೆಳಕಿಗೆ ಬಂದಾಗ ಆ ಹಟಕ್ಕೆ ಬಲ ಬಂತು.

ಪ್ರಯೋಗಾಲಯದ ಹಿಂದಿನ ಕೋಣೆಯ ಮೇಜಿನ ಮೇಲೆ ಬೆಸುಗೆ ಕಡ್ಡಿ, ತಾಮ್ರದ ಪಟ್ಟಿ, ಸಾಸಿವೆಯಷ್ಟಗಲದ ಕೆಪಾಸಿಟರುಗಳು, ಉಪ್ಪುನೀರಿನ ಬಾಟಲಿ. ಎರಡನೇ ವರ್ಷದ ಹುಡುಗನೊಬ್ಬ ಮಕ್ಕಳ ತಲೆಯ ಅಳತೆಗೆ ಕಾಯಿಲ್ ಕಟ್ಟುತ್ತಿದ್ದಾನೆ. ದೊಡ್ಡವರ ಕಾಯಿಲ್‌ನಲ್ಲಿ ಮಗುವಿನ ತಲೆ ಸುರುಳಿಗಳಿಂದ ದೂರ ಉಳಿದು, ಸಂಕೇತ ಸೋರಿಹೋಗುತ್ತದೆ. 3 ಟೆಸ್ಲಾ ಯಂತ್ರಕ್ಕೆ ಕಾಯಿಲ್ ಶ್ರುತಿಗೊಳ್ಳಬೇಕಾದದ್ದು ಸುಮಾರು 128 ಮೆಗಾಹರ್ಟ್ಸ್‌ಗೆ. ಅವನ ಪರದೆಯ ಗೆರೆ ತಗ್ಗುತ್ತಿರುವುದು 121ರಲ್ಲಿ.

“ಮೇಡಂ, ಕೆಪಾಸಿಟರ್ ಬದಲಾಯಿಸಿ ನೋಡ್ಲಾ?”

“ನೋಡು. ಮೊದ್ಲು ಎಷ್ಟು ಪಿಕೊಫ್ಯಾರಡ್ ಕಮ್ಮಿ ಮಾಡ್ಬೇಕು ಅಂತ ಲೆಕ್ಕ ಹಾಕಿ ತೋರ್ಸು. ಆಮೇಲೆ ಬೆಸುಗೆ.”

ಅವನು ಪೆನ್ಸಿಲು ತೆಗೆದುಕೊಳ್ಳುತ್ತಾನೆ.